ಲೆಕ್ಕದಲ್ಲಿ ಚುರುಕಾದ ಮಗುವನ್ನು ಎಲ್ಲಿಗೆ ಕಳಿಸಬೇಕು?

ವಿಜಯಪುರದಲ್ಲಿ ಪಾಲಕರು ಮತ್ತು ಸರ್ಕಾರಿ ಶಾಲೆಯ ಶಿಕ್ಷಕರ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನಲ್ಲಿ ಇದ್ದಂತೆಯೇ ಬರೆದಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಊರಿನಲ್ಲಿ ಗಣಿತದ ಬಗ್ಗೆ ಮಾತಾಡಲು ನಿಂತರೆ ಮೊದಲು ಭಾಸ್ಕರಾಚಾರ್ಯರ ಹೆಸರು ಹೇಳಬೇಕು, ಅದು ಪದ್ಧತಿ. ಹೇಳಿದೆ. ಅವರು ಹುಟ್ಟಿದ ವಿಜ್ಜಡವಿಡ ಅಂದರೆ ನಮ್ಮ ವಿಜಯಪುರವೇ ಅಂತ ಕೆಲವು ವಿದ್ವಾಂಸರು, ಅಲ್ಲ ಅದು ಮಹಾರಾಷ್ಟ್ರದ ಚಾಳೀಸಗಾಂವ ಕಡೆ ಅಂತ ಇನ್ನು ಕೆಲವರು. ಆ ವಾದ ನಡೆಯುತ್ತಾ ಇರಲಿ. 1114ರಲ್ಲಿ ಹುಟ್ಟಿದವರ ಬಗ್ಗೆ ಹೆಮ್ಮೆ ಪಡುವುದು ಸುಲಭ. ಈಗ ಐದನೇ ಕ್ಲಾಸಿನಲ್ಲಿ ಕೂತು, ಬೋರ್ಡಿನ ಲೆಕ್ಕವನ್ನು ಎಲ್ಲರಿಗಿಂತ ಮುಂಚೆ ಮುಗಿಸಿ, ಮುಂದೇನು ಅಂತ ಗೊತ್ತಾಗದೆ ಪಕ್ಕದವಳ ಜೊತೆ ಮಾತಾಡಿ ಬೈಸಿಕೊಳ್ಳುವ ಹುಡುಗಿಗೆ ಏನು ಮಾಡಬೇಕು ಅನ್ನುವುದು ಕಷ್ಟ. ನನ್ನ ಮಾತು ಪೂರ್ತಿ ಆ ಹುಡುಗಿಯ ಬಗ್ಗೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಪಾಲಕರು ನನ್ನ ಹತ್ತಿರ ಬಂದು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಸರ, ನಮ್ಮ ಹುಡುಗ ಲೆಕ್ಕದಾಗ ಭಾಳ ಚುರುಕ ಅದಾನ. ಯಾವ ಕ್ಲಾಸಿಗಿ ಹಾಕಬೇಕ್ರಿ?" ಇಲ್ಲಿ ಕ್ಲಾಸು ಅಂದರೆ ಶಾಲೆಯ ಕ್ಲಾಸ್ ಅಲ್ಲ, ಹೊರಗಿನದು. ಮಗು ಚುರುಕು ಅಂತ ಗೊತ್ತಾದ ಕೂಡಲೇ ಅಪ್ಪ-ಅಮ್ಮನ ತಲೆಗೆ ಬರುವುದು ದುಡ್ಡು ಕೊಡುವ ಜಾಗ. ಶಾಲೆಯಲ್ಲೇ ಏನಾದರೂ ಆಗಬಹುದಾ ಅಂತ ಕೇಳಿದವರು ತೀರಾ ಕಡಿಮೆ. ತಪ್ಪು ಅವರದ್ದಲ್ಲ. ಶಾಲೆ ಅಂಥದ್ದೇನೂ ಮಾಡಿ ತೋರಿಸಿಲ್ಲ, ಅವರು ಹೇಗೆ ಕೇಳಬೇಕು?

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಮಾಡಿ. ಚುರುಕಾದ ಮಗುವನ್ನು ಬೇಗ ಮುಂದಕ್ಕೆ ಕಳಿಸುವ ಕೆಲಸ ಶಾಲೆಯದ್ದು, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊರಗಿನ ಕ್ಲಾಸಿಗೆ ಕಳಿಸುವುದಾದರೆ ಪಾಠದಲ್ಲಿ ಇಲ್ಲದ್ದನ್ನು, ಆಳವಾದದ್ದನ್ನು ಕಲಿಯಲು ಮಾತ್ರ ಕಳಿಸಬೇಕು. ನಮ್ಮಲ್ಲಿ ಪೂರ್ತಿ ಉಲ್ಟಾ ಆಗಿದೆ. ಹೊರಗಿನ ಕ್ಲಾಸುಗಳು ಮುಂದಿನ ವರ್ಷದ ಪೋರ್ಷನ್ನನ್ನು ಈ ವರ್ಷವೇ ಮುಗಿಸಿ ಅದಕ್ಕೆ ಅಡ್ವಾನ್ಸ್ ಬ್ಯಾಚ್ ಅಂತ ಹೆಸರಿಟ್ಟಿವೆ. ಶಾಲೆ ಮುಂದಕ್ಕೂ ಕಳಿಸುತ್ತಿಲ್ಲ, ಆಳಕ್ಕೂ ಇಳಿಸುತ್ತಿಲ್ಲ.

ಮೊದಲು ನಮ್ಮ ಊರಿನ ಕೋಚಿಂಗ್ ನೋಡೋಣ. ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ, ಆದರ್ಶ ವಿದ್ಯಾಲಯ, ಈ ಹೆಸರುಗಳನ್ನು ಒಂದೇ ಬೋರ್ಡಿನಲ್ಲಿ ಬರೆದುಕೊಂಡ ಕ್ಲಾಸುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಸೈನಿಕ ಶಾಲೆ ಇಲ್ಲಿ 1963ರಿಂದ ಇದೆ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ 1969ರಿಂದ. ಮಗ ಅಥವಾ ಮಗಳು ಅಲ್ಲಿ ಸೇರಿದರೆ ಮನೆಯ ದಿಕ್ಕೇ ಬದಲಾಗುತ್ತದೆ. ಹಾಗಾಗಿ ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಪರೀಕ್ಷೆ ಏನನ್ನು ಅಳೆಯುತ್ತದೆ ಅಂತ ತಿಳಿದುಕೊಂಡು ಕಳಿಸಿ. ನವೋದಯದಲ್ಲಿ 80 ಪ್ರಶ್ನೆ, ಎರಡು ಗಂಟೆ. ಅದರಲ್ಲಿ ಲೆಕ್ಕದ್ದು 20 ಪ್ರಶ್ನೆ, 25 ಅಂಕ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪರೀಕ್ಷೆಯಲ್ಲಿ 300 ಅಂಕಕ್ಕೆ 150 ಗಣಿತದ್ದೇ, 50 ಪ್ರಶ್ನೆ. ಒಂದೂವರೆ ನಿಮಿಷದಲ್ಲಿ ಉತ್ತರ ಬೇಕಾದ ಕಡೆ ಯೋಚನೆ ಮಾಡುವ ಮಗು ಸೋಲುತ್ತದೆ, ಆ ಥರದ ಲೆಕ್ಕವನ್ನು ಮೊದಲೇ ನೂರು ಸಲ ಮಾಡಿದ ಮಗು ಗೆಲ್ಲುತ್ತದೆ. ಕೋಚಿಂಗ್‌ನವರು ಅದನ್ನೇ ಮಾಡಿಸುತ್ತಾರೆ, ಅವರ ಕೆಲಸ ಅದು. ಅದು ಪರೀಕ್ಷೆಯ ತಯಾರಿ, ಅಷ್ಟೇ. ಗಣಿತದಲ್ಲಿ ಮಗು ಮುಂದೆ ಹೋಯಿತು ಅಂತ ಅದಕ್ಕೆ ಅರ್ಥ ಇಲ್ಲ. ಸೀಟು ಸಿಗದ ಮಕ್ಕಳು ಒಂದು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಕೂತದ್ದರಿಂದ ಗಣಿತದಲ್ಲಿ ಏನು ಗಳಿಸಿದರು ಅಂತ ಯಾರೂ ಕೇಳುವುದಿಲ್ಲ. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಉಳಿದವರೇ ಜಾಸ್ತಿ, ಅಲ್ವಾ?

ಅಂದ ಹಾಗೆ, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದ ಒಳಗಿನವರನ್ನು ಸೇರಿಸಿಕೊಳ್ಳಬೇಡಿ ಅಂತ ಅದರಲ್ಲಿ ಇದೆ. ನಮ್ಮ ಬೀದಿಯ ಬೋರ್ಡುಗಳಲ್ಲಿ ನಗುತ್ತಿರುವ ಮಕ್ಕಳ ವಯಸ್ಸು ಹತ್ತು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಇನ್ನೊಂದು ಥರದ ಕ್ಲಾಸುಗಳಿವೆ. ಅಬಾಕಸ್, ವೇದಿಕ್ ಮ್ಯಾಥ್ಸ್, ಹಾಳೆ ಹಾಳೆ ಲೆಕ್ಕ ಕೊಡುವ ಫ್ರಾಂಚೈಸಿಗಳು. ಹಾಳೆಯ ಪದ್ಧತಿ ಹುಟ್ಟಿದ ಕಥೆ ಚೆನ್ನಾಗಿದೆ. 1954ರಲ್ಲಿ ಜಪಾನಿನ ತೋರು ಕುಮೋನ್ ಎಂಬ ಹೈಸ್ಕೂಲ್ ಗಣಿತದ ಮೇಷ್ಟ್ರು ಎರಡನೇ ಕ್ಲಾಸಿನ ತಮ್ಮ ಮಗನಿಗೆ ದಿನಾ ಒಂದಿಷ್ಟು ಲೆಕ್ಕ ಕೈಯಿಂದ ಬರೆದು ಕೊಟ್ಟರು. ಅವನ ಮಟ್ಟಕ್ಕೆ ಸರಿಯಾಗಿ, ಮುಗಿಸಿದರೆ ಮುಂದಿನದು. ಹುಡುಗ ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಕ್ಯಾಲ್ಕುಲಸ್ ತನಕ ಹೋಗಿದ್ದ. ಅಂದರೆ ಒಬ್ಬ ಅಪ್ಪ ಒಬ್ಬ ಮಗನನ್ನು ನೋಡಿ ನೋಡಿ ಮಾಡಿದ್ದು. ಅದೇ ಹಾಳೆ ಜಗತ್ತಿನ ತುಂಬಾ ಹೋದ ಮೇಲೆ ಅಪ್ಪನ ಕಣ್ಣು ಜೊತೆಗೆ ಹೋಗಲಿಲ್ಲ, ಹಾಳೆ ಮಾತ್ರ ಹೋಯಿತು.

ಟ್ರಿಕ್‌ಗಳ ಬಗ್ಗೆ ನನಗೆ ದ್ವೇಷ ಇಲ್ಲ. 98 ಗುಣಿಲೆ 97 ತಗೊಳ್ಳಿ. ನೂರಕ್ಕೆ ಒಂದು 2 ಕಡಿಮೆ, ಇನ್ನೊಂದು 3 ಕಡಿಮೆ. ಎರಡನ್ನೂ ಕೂಡಿ ನೂರರಲ್ಲಿ ಕಳೆದರೆ 95, ಎರಡನ್ನೂ ಗುಣಿಸಿದರೆ 06. ಉತ್ತರ 9506. ಮಗು ಇದನ್ನು ಮಾಡಿ ತೋರಿಸಿದರೆ ಮನೆಗೆ ಬಂದ ನೆಂಟರು ಚಪ್ಪಾಳೆ ತಟ್ಟುತ್ತಾರೆ. ನಾನಾದರೆ ಕೇಳುವುದು ಇಷ್ಟೇ: ಯಾಕೆ ಹಾಗೆ ಬರುತ್ತದೆ? ಒಂದು ಸಂಖ್ಯೆ ನೂರಕ್ಕಿಂತ ಜಾಸ್ತಿ ಇದ್ದರೆ, 98 ಗುಣಿಲೆ 103 ಆದರೆ, ಇದೇ ಟ್ರಿಕ್ ನಡೆಯುತ್ತದಾ? 98ಕ್ಕೆ 3 ಕೂಡಿದರೆ 101, ಅಂದರೆ 10100, ಅದರಲ್ಲಿ 6 ಕೂಡಬೇಕೋ ಕಳೆಯಬೇಕೋ? ಈ ಪ್ರಶ್ನೆಯ ಮೇಲೆ ಮಗು ಅರ್ಧ ಗಂಟೆ ತಲೆ ಕೆರೆದುಕೊಂಡು ಕೊನೆಗೆ 10094 ಅಂತ ಹೇಳಿ, ಯಾಕೆ ಕಳೆಯಬೇಕು ಅಂತಲೂ ಹೇಳಿದರೆ ಆ ಮಗು ಬೀಜಗಣಿತದ ಬಾಗಿಲಲ್ಲಿ ನಿಂತಿದೆ ಅಂತ ಅರ್ಥ. ಹೊರಗಿನ ಕ್ಲಾಸು ಈ ಎರಡನೇ ಪ್ರಶ್ನೆ ಕೇಳುತ್ತದಾ ಅಂತ ನೋಡಿ. ಕೇಳಿದರೆ ದುಡ್ಡು ಕೊಡಿ.

ಈಗ ಶಾಲೆಗೆ ಬರೋಣ. ಇಲ್ಲಿ ಕೂತಿರುವ ಗುರುಗಳು, ಅಕ್ಕೋರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವುದು ನನಗೆ ಕೇಳುತ್ತಿದೆ. ಐದನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ, ಅರ್ಧ ಮಕ್ಕಳು ಅಪ್ಪ-ಅಮ್ಮನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬರುತ್ತಾರೆ, ಒಬ್ಬಳು ಚುರುಕಾದವಳ ಚಿಂತೆ ಎಲ್ಲಿ ಮಾಡೋಣ? ಅವಳು ಹೇಗಾದರೂ ಪಾಸಾಗುತ್ತಾಳೆ. ನ್ಯಾಯವಾದ ಮಾತು. ಕಬ್ಬು ಕಟಾವಿನ ಕಾಲ ಶುರುವಾದರೆ ಹಾಜರಿ ಪುಸ್ತಕ ಹೇಗಿರುತ್ತದೆ ಅಂತ ನಾನೂ ನೋಡಿದ್ದೇನೆ. ಆದರೆ ಒಂದು ಮಾತು. ಹಿಂದೆ ಉಳಿದ ಮಗುವಿಗೆ ಪರಿಹಾರ ಬೋಧನೆ ಅಂತ ಒಂದು ಹೆಸರಾದರೂ ಇದೆ, ಸುತ್ತೋಲೆ ಇದೆ, ತರಬೇತಿ ಇದೆ. ಮುಂದೆ ಇರುವ ಮಗುವಿಗೆ ಹೆಸರೂ ಇಲ್ಲ. ಆ ಮಗು ಕೂಲಿಯವರ ಮನೆಯದ್ದಾದರೆ ಹೊರಗಿನ ಕ್ಲಾಸೂ ಇಲ್ಲ. ಬಡವರ ಮನೆಯ ಚುರುಕು ಮಗುವಿಗೆ ಸರ್ಕಾರಿ ಶಾಲೆ ಬಿಟ್ಟರೆ ಬೇರೆ ಯಾವ ದಾರಿಯೂ ಇಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗಿದ್ದು ಈ ಮಾತಿಗೆ ಸರಿಯಾದ ಪಾಠ. ಅಲ್ಲಿ ಎಂಟನೇ ಕ್ಲಾಸಿನಲ್ಲಿ ಕೆಲವು ಮಕ್ಕಳಿಗೆ ಬೀಜಗಣಿತದ ಕೋರ್ಸು ಸಿಗುತ್ತಿತ್ತು, ಕೆಲವರಿಗೆ ಸಿಗುತ್ತಿರಲಿಲ್ಲ. ಸಿಗುವವರಲ್ಲಿ ಕಪ್ಪು ಮಕ್ಕಳು, ಬಡವರ ಮಕ್ಕಳು ಕಡಿಮೆ. ಇದು ಅನ್ಯಾಯ ಅಂತ 2014ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳು ಎಂಟನೇ ಕ್ಲಾಸಿನಿಂದ ಆ ಕೋರ್ಸನ್ನೇ ತೆಗೆದು, ಎಲ್ಲರೂ ಒಂಬತ್ತರಲ್ಲೇ ಕಲಿಯಲಿ ಅಂದವು. ಉದ್ದೇಶ ಒಳ್ಳೆಯದೇ. ಆದದ್ದೇನು? ಅನುಕೂಲ ಇದ್ದವರು ಆನ್‌ಲೈನ್‌ನಲ್ಲಿ, ಖಾಸಗಿ ಕ್ಲಾಸಿನಲ್ಲಿ, ಬೇಸಿಗೆ ರಜೆಯಲ್ಲಿ ಅದೇ ಬೀಜಗಣಿತವನ್ನು ದುಡ್ಡು ಕೊಟ್ಟು ಕಲಿತರು. ಇಲ್ಲದವರು ಕಾದರು. ವರ್ಷಗಟ್ಟಲೆ ಜಗಳ ಆಗಿ, ಕೊನೆಗೆ 2024ರಲ್ಲಿ ಶಾಲಾ ಮಂಡಳಿ ಎಂಟನೇ ಕ್ಲಾಸಿಗೆ ಬೀಜಗಣಿತ ವಾಪಸ್ ತರಲು ತೀರ್ಮಾನಿಸಿತು, ಅದೇ ವರ್ಷ ಮಾರ್ಚಿನಲ್ಲಿ ಊರಿನವರೂ ಮತ ಹಾಕಿ ಅದನ್ನೇ ಕೇಳಿದರು. ಶಾಲೆ ಬಾಗಿಲು ಮುಚ್ಚಿದರೆ ಚುರುಕಾದ ಮಕ್ಕಳೇನೂ ನಿಲ್ಲುವುದಿಲ್ಲ, ದುಡ್ಡಿಲ್ಲದವರು ಮಾತ್ರ ನಿಲ್ಲುತ್ತಾರೆ. ನಮ್ಮಲ್ಲಿ ಬಾಗಿಲು ಮುಚ್ಚಲಿಲ್ಲ ನಿಜ. ಆ ಗೋಡೆಯಲ್ಲಿ ಬಾಗಿಲನ್ನೇ ಇಟ್ಟಿರಲಿಲ್ಲ.

ಟೆಕ್ಸಸ್ ರಾಜ್ಯ ಇನ್ನೊಂದು ದಾರಿ ಹಿಡಿಯಿತು. 2023ರ ಅವರ ಕಾನೂನಿನ ಪ್ರಕಾರ ಐದನೇ ಕ್ಲಾಸಿನ ರಾಜ್ಯ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 40ರೊಳಗೆ ಬಂದ ಮಕ್ಕಳು ಆರನೇ ಕ್ಲಾಸಿನಲ್ಲಿ ತಾನಾಗಿಯೇ ಮುಂದಿನ ಮಟ್ಟದ ಗಣಿತಕ್ಕೆ ಸೇರುತ್ತಾರೆ. ಬೇಡ ಅನ್ನುವ ಪಾಲಕರು ಬರೆದು ಕೊಡಬೇಕು. ಮೊದಲು ಇದು ಉಲ್ಟಾ ಇತ್ತು, ಬೇಕು ಅನ್ನುವವರು ಕೇಳಬೇಕಿತ್ತು. ಕೇಳುವ ಧೈರ್ಯ, ಕೇಳಬಹುದು ಅನ್ನುವ ತಿಳುವಳಿಕೆ ಓದಿದ ಮನೆಗಳಲ್ಲಿ ಮಾತ್ರ ಇರುತ್ತದೆ. ಅದು ಡಲ್ಲಾಸ್ ಆದರೂ ಅಷ್ಟೇ, ಸಿಂದಗಿ ಆದರೂ ಅಷ್ಟೇ.

ಮುಂದಕ್ಕೆ ಕಳಿಸುವುದು ಅಂದರೆ ಡಬಲ್ ಪ್ರಮೋಷನ್ ಅಲ್ಲ. ಹಿರಿಯರಿಗೆ ನೆನಪಿರುತ್ತದೆ, ಎರಡರಿಂದ ನೇರ ನಾಲ್ಕಕ್ಕೆ ಏರಿಸುತ್ತಿದ್ದರು. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ವಯಸ್ಸಿಗೆ ತಕ್ಕ ಕ್ಲಾಸು ಅನ್ನುವುದೇ ಲೆಕ್ಕ, ಅದು ಸರಿಯೂ ಹೌದು, ಎಂಟು ವರ್ಷದ ಮಗುವನ್ನು ಹನ್ನೊಂದು ವರ್ಷದವರ ಜೊತೆ ದಿನವಿಡೀ ಕೂರಿಸಿದರೆ ಲೆಕ್ಕ ಬಂದರೂ ಆಟದಲ್ಲಿ ಒಂಟಿಯಾಗುತ್ತದೆ. ನಾನು ಹೇಳುತ್ತಿರುವುದು ಒಂದು ವಿಷಯಕ್ಕೆ, ಒಂದು ಪಿರಿಯಡ್ಡಿಗೆ. ಐದನೇ ಕ್ಲಾಸಿನ ಹುಡುಗಿ ಗಣಿತದ ಹೊತ್ತಿಗೆ ಆರನೇ ಅಥವಾ ಏಳನೇ ಕ್ಲಾಸಿಗೆ ಹೋಗಿ ಕೂರಲಿ, ಮುಗಿದ ಮೇಲೆ ವಾಪಸ್ ತನ್ನ ಕ್ಲಾಸಿಗೆ ಬರಲಿ. ಹೆಸರು ಐದನೇ ಕ್ಲಾಸಿನಲ್ಲೇ ಇರುತ್ತದೆ, ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ವೇಳಾಪಟ್ಟಿಯ ತೊಂದರೆ ಬರುತ್ತದೆ, ಗೊತ್ತು. ಗಣಿತಕ್ಕೆ ಒಬ್ಬರೇ ಶಿಕ್ಷಕರಿದ್ದರೆ ಎರಡೂ ಕ್ಲಾಸಿನ ಗಣಿತ ಒಂದೇ ಹೊತ್ತಿಗೆ ಬರುವುದಿಲ್ಲ, ಅವಳಿಗೆ ಬೇರೆ ಪಾಠ ತಪ್ಪುತ್ತದೆ. ವಾರದಲ್ಲಿ ಎರಡು ದಿನ ಮಾತ್ರ ಕಳಿಸಿ, ಆ ದಿನ ಐದನೇ ಕ್ಲಾಸಿನಲ್ಲಿ ಅವಳಿಗೆ ಆಗಲೇ ಗೊತ್ತಿರುವ ಪಾಠ ನಡೆಯುತ್ತಿರಲಿ. ಒಂದು ಶಾಲೆಗೆ ಹೊಂದುವ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ, ಹೆಡ್ ಮಾಸ್ತರರು ಮನಸ್ಸು ಮಾಡಿದರೆ ದಾರಿ ಸಿಗುತ್ತದೆ.

ಇದು ನಮಗೆ ಹೊಸದೂ ಅಲ್ಲ. ನಲಿ-ಕಲಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಗೋಡೆಯ ಮೇಲೆ ಕಲಿಕಾ ಏಣಿ, ಪ್ರತಿ ಮಗು ತನ್ನ ಮೈಲಿಗಲ್ಲು ಮುಗಿಸಿ ತನ್ನ ವೇಗದಲ್ಲಿ ಮುಂದಿನ ಕಾರ್ಡಿಗೆ ಹೋಗುತ್ತದೆ. ಅಂದರೆ ಮುಂದಕ್ಕೆ ಹೋಗುವ ವ್ಯವಸ್ಥೆಯನ್ನು ಸರ್ಕಾರಿ ಶಾಲೆಯೇ ಮಾಡಿಟ್ಟಿದೆ, ಫ್ರಾಂಚೈಸಿಯವರು ದುಡ್ಡಿಗೆ ಮಾರುವುದಕ್ಕಿಂತ ಚೆನ್ನಾಗಿ ಮಾಡಿಟ್ಟಿದೆ. ಅದೇ ಮಗು ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಏಣಿ ಮಾಯ, ಎಲ್ಲರಿಗೂ ಒಂದೇ ಪುಟ. ಮೂರು ವರ್ಷ ನಡೆದದ್ದು ನಾಲ್ಕನೇ ವರ್ಷ ಯಾಕೆ ನಡೆಯಬಾರದು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಯಾರನ್ನು ಕಳಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಇಲ್ಲಿ ಹಳೆಯ ಒಂದು ಕೆಲಸ ನೆನಪಿಸುತ್ತೇನೆ. ಜೂಲಿಯನ್ ಸ್ಟ್ಯಾನ್ಲಿ ಅನ್ನುವವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಚುರುಕಾದ ಮಕ್ಕಳ ಮೇಲೆ ಒಂದು ಅಧ್ಯಯನ ಶುರು ಮಾಡಿದರು. ಅವರ ಉಪಾಯ ಬಹಳ ಸರಳ. ತನ್ನ ಕ್ಲಾಸಿನ ಪೇಪರಿನಲ್ಲಿ ಇಬ್ಬರು ಮಕ್ಕಳು ನೂರಕ್ಕೆ 98 ತೆಗೆದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅದೇ ಇಬ್ಬರಿಗೆ ತೀರಾ ಮೇಲಿನ ಪೇಪರ್ ಕೊಟ್ಟರೆ ಒಬ್ಬನಿಗೆ 20 ಬರುತ್ತದೆ, ಇನ್ನೊಬ್ಬಳಿಗೆ 70. ಅವರು 12-13 ವರ್ಷದ ಮಕ್ಕಳಿಗೆ ಕಾಲೇಜು ಸೇರುವವರು ಬರೆಯುವ ಗಣಿತದ ಪರೀಕ್ಷೆಯನ್ನೇ ಕೊಟ್ಟರು. ಹಾಗೆ ಸಿಕ್ಕವರನ್ನು ಗಣಿತದಲ್ಲಿ ಮುಂದಕ್ಕೆ ಕಳಿಸಿದರು, ಆ ಮಕ್ಕಳನ್ನು ಸಂಶೋಧಕರು ದಶಕಗಟ್ಟಲೆ ಗಮನಿಸುತ್ತಾ ಬಂದರು. ಮುಂದಕ್ಕೆ ಕಳಿಸಿದ್ದರಿಂದ ಮಕ್ಕಳು ಹಾಳಾದರು ಅನ್ನುವ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ನಮಗೆ ಅಷ್ಟು ದೊಡ್ಡದು ಬೇಡ. ಐದನೇ ಕ್ಲಾಸಿನ ಹುಡುಗಿಗೆ ಕಳೆದ ವರ್ಷದ ಏಳನೇ ಕ್ಲಾಸಿನ ಗಣಿತ ಪೇಪರ್ ಕೊಡಿ. ಹೆದರಿಸಬೇಡಿ, ಆಟ ಅಂತ ಹೇಳಿ. ಅರ್ಧಕ್ಕಿಂತ ಜಾಸ್ತಿ ಮಾಡಿದರೆ ಅವಳ ಜಾಗ ಐದನೇ ಕ್ಲಾಸಿನ ಗಣಿತದಲ್ಲಿ ಇಲ್ಲ. ಇದನ್ನು ಎಲ್ಲ ಮಕ್ಕಳಿಗೂ ಕೊಡಿ, ನಿಮಗೆ ಚುರುಕು ಅನಿಸಿದವರಿಗೆ ಮಾತ್ರ ಅಲ್ಲ. ಹಿಂದಿನ ಬೆಂಚಿನಲ್ಲಿ ಮಾತೇ ಆಡದೆ ಕೂತವನು, ಕನ್ನಡ ಓದುವಾಗ ತಡವರಿಸುವವನು, ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಮಾತಾಡುವವಳು, ಇಂಥವರು ಈ ಪೇಪರಿನಲ್ಲಿ ಸಿಗುತ್ತಾರೆ.

ಸರಿ, ಮುಂದಕ್ಕೆ ಹೋಗುವುದು ಆಯಿತು. ಆಳದ ಮಾತು. ಹೊರಗಿನ ಕ್ಲಾಸು ಕೊಡಬೇಕಾದದ್ದು ಇದು, ಆದರೆ ಶಾಲೆಯಲ್ಲೂ ಆಗುತ್ತದೆ. ನನಗೆ ಇದರ ಬಗ್ಗೆ ಮಾತಾಡಲು ಜಾಸ್ತಿ ಇಷ್ಟ, ಸ್ವಲ್ಪ ಸಹಿಸಿಕೊಳ್ಳಿ.

ನಾಶಿಕ್ ಹತ್ತಿರ ದೇವಳಾಲಿಯಲ್ಲಿ ಡಿ. ಆರ್. ಕಾಪ್ರೇಕರ್ ಅಂತ ಒಬ್ಬ ಶಾಲಾ ಮಾಸ್ತರರಿದ್ದರು. 1949ರಲ್ಲಿ ಅವರು ಕಂಡುಹಿಡಿದದ್ದನ್ನು ಇಲ್ಲೇ ಮಾಡೋಣ. ಹೊರಗೆ ನಿಲ್ಲಿಸಿದ ನಿಮ್ಮ ಕೆಎ-28 ಗಾಡಿಯ ಕೊನೆಯ ನಾಲ್ಕು ಅಂಕಿ ತಗೊಳ್ಳಿ. ನಾಲ್ಕೂ ಒಂದೇ ಇರಬಾರದು, ಅಷ್ಟೇ. 4527 ಅಂದುಕೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, 7542. ಚಿಕ್ಕದರಿಂದ ದೊಡ್ಡದಕ್ಕೆ, 2457. ಕಳೆದರೆ 5085. ಮತ್ತೆ ಅದೇ ಕೆಲಸ: 8550ರಲ್ಲಿ 0558 ಕಳೆದರೆ 7992. ಆಮೇಲೆ 7173, 6354, 3087, 8352, ಕೊನೆಗೆ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ರಲ್ಲೇ ಕೂರುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬರುತ್ತೀರಿ.

ಇದನ್ನು ಕ್ಲಾಸಿನಲ್ಲಿ ಕೊಟ್ಟರೆ ಏನಾಗುತ್ತದೆ ನೋಡಿ. ಕಳೆಯುವುದು ಸರಿಯಾಗಿ ಬರದ ಹುಡುಗ ಉತ್ತರ 6174 ಬರಲೇಬೇಕು ಅಂತ ಗೊತ್ತಿರುವುದರಿಂದ ತಪ್ಪಾದರೆ ತಾನೇ ಹುಡುಕಿ ತಿದ್ದುತ್ತಾನೆ. ಶಿಕ್ಷಕರು ಇಪ್ಪತ್ತು ಕಳೆಯುವ ಲೆಕ್ಕ ಕೊಟ್ಟಿದ್ದರೆ ಅವನು ಐದಕ್ಕೇ ಪೆನ್ನು ಇಡುತ್ತಿದ್ದ. ನಡುವಿನವರು ಮೂರು ಅಂಕಿಯಲ್ಲಿ ಮಾಡುತ್ತಾರೆ, ಅಲ್ಲಿ 495 ಬರುತ್ತದೆ. ಎರಡು ಅಂಕಿಯಲ್ಲಿ ಮಾಡಿದವರು ಓಡಿ ಬರುತ್ತಾರೆ: ಇಲ್ಲಿ ನಿಲ್ಲುವುದೇ ಇಲ್ಲ ಸರ್, 9, 81, 63, 27, 45 ಅಂತ ಸುತ್ತುತ್ತಲೇ ಇದೆ. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಇವೆಯಲ್ಲ, ಯಾಕೆ ಅಂತ ಕೇಳಿದರೆ ನಮ್ಮ ಚುರುಕು ಹುಡುಗಿಗೆ ಒಂದು ವಾರದ ಕೆಲಸ. ಒಂದೇ ಬೋರ್ಡು, ಒಂದೇ ಲೆಕ್ಕ, ಕ್ಲಾಸಿನ ಪ್ರತಿಯೊಬ್ಬರಿಗೂ ಅವರವರ ಪಾಲು. ಪರಿಹಾರ ಬೋಧನೆಯೂ ಆಯಿತು, ಆಳವೂ ಆಯಿತು.

ಇನ್ನೊಂದು ನಮ್ಮದೇ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿದ್ದನ್ನು ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಗವಂತಿ ಹೊಲಿಗೆ ಇದೆ. ಮೇಲೆ ಒಂದು ಹೊಲಿಗೆ, ಕೆಳಗೆ ಒಂದು ಹೊಲಿಗೆ ಅಂತ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು. ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಈಗ ಮಕ್ಕಳಿಗೆ ಎರಡು ಕೆಲಸ ಕೊಡಿ. ಮೊದಲನೆಯದು, ಒಂದು ಚೌಕ ಬರೆದು ಎರಡೂ ಕರ್ಣ ಎಳೆಯಿರಿ, ಆ ಚಿತ್ರವನ್ನು ಪೆನ್ಸಿಲ್ ಎತ್ತದೆ, ಯಾವ ಗೆರೆಯನ್ನೂ ಎರಡನೇ ಸಲ ಎಳೆಯದೆ ಬಿಡಿಸಿ. ಆಗುವುದಿಲ್ಲ. ಅದರ ತಲೆಯ ಮೇಲೆ ಮನೆಯ ಮಾಡಿನಂತೆ ಎರಡು ಗೆರೆ ಸೇರಿಸಿ. ಈಗ ಆಗುತ್ತದೆ, ಆದರೆ ಕೆಳಗಿನ ಮೂಲೆಯಿಂದ ಶುರು ಮಾಡಿದರೆ ಮಾತ್ರ. ಯಾಕೆ? ಪ್ರತಿ ಮೂಲೆಯಲ್ಲಿ ಎಷ್ಟು ಗೆರೆ ಕೂಡುತ್ತವೆ ಅಂತ ಎಣಿಸಿ ನೋಡಿದ ಮಗು ಬೆಸ ಸಂಖ್ಯೆಯ ಮೂಲೆಗಳೇ ತೊಂದರೆ ಕೊಡುತ್ತಿವೆ ಅಂತ ತಾನೇ ಕಂಡುಕೊಳ್ಳುತ್ತದೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ನಡೆಯಬಹುದಾ ಅಂತ ಹುಡುಕುವಾಗ ಕಂಡುಕೊಂಡದ್ದೂ ಇದನ್ನೇ.

ಎರಡನೆಯದು, ಗವಂತಿಯಲ್ಲಿ ಯಾವ ಚಿತ್ರವನ್ನಾದರೂ ಹೊಲಿದು ಹೊರಟ ಜಾಗಕ್ಕೇ ವಾಪಸ್ ಬರಬಹುದಾ? ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಬರಬಹುದು. ಪೆನ್ಸಿಲಿನಿಂದ ಆಗದ ಚಿತ್ರ ಸೂಜಿಯಿಂದ ಆಗುತ್ತದೆ! ಕಾರಣ, ಪ್ರತಿ ಗೆರೆಯ ಮೇಲೆ ಎರಡು ಸಲ ಹೋಗುತ್ತೀರಿ, ಹಾಗಾಗಿ ಎಲ್ಲ ಮೂಲೆಗಳೂ ಸಮ ಆಗಿಬಿಡುತ್ತವೆ. ಕಸೂತಿ ಹಾಕುವ ನಮ್ಮ ಅಜ್ಜಿಯಂದಿರ ಕೈಗೆ ಇದು ಗೊತ್ತಿತ್ತು. ಎಂಜಿನಿಯರಿಂಗ್ ಓದುವವರು ಗ್ರಾಫ್ ಥಿಯರಿ ಅಂತ ಇದನ್ನು ಓದುತ್ತಾರೆ, ಆರನೇ ಕ್ಲಾಸಿನ ಮಗು ಇದನ್ನು ಸೂಜಿ ದಾರ ಹಿಡಿದು ಅರ್ಥ ಮಾಡಿಕೊಳ್ಳುತ್ತದೆ. ಇದಕ್ಕೆ ಮುಂದಿನ ವರ್ಷದ ಪುಸ್ತಕ ಬೇಕಾಗಿಲ್ಲ ಅನ್ನುವುದನ್ನು ಗಮನಿಸಿ.

ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಕಬ್ಬಿನ ಲೆಕ್ಕ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ ಎಫ್‌ಆರ್‌ಪಿ ಕ್ವಿಂಟಾಲಿಗೆ 355 ರೂಪಾಯಿ, ಇಳುವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಶೇಕಡಾ 10.25 ಇದ್ದರೆ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಜಾಸ್ತಿ. ಇಳುವರಿ 11.05 ಬಂದರೆ ಟನ್ನಿಗೆ ಎಷ್ಟು? 3826 ರೂಪಾಯಿ 80 ಪೈಸೆ. ಇಲ್ಲಿಗೆ ನಿಲ್ಲಿಸಿದರೆ ಅದು ಸುಮ್ನೆ ಶೇಕಡಾವಾರು ಲೆಕ್ಕ. ಕಟಾವು ಮತ್ತು ಸಾಗಾಣಿಕೆ ಖರ್ಚು ಕಳೆದರೆ ಅಪ್ಪನ ಕೈಗೆ ಎಷ್ಟು, ಇಳುವರಿಯನ್ನು ಕಾರ್ಖಾನೆ 0.3 ಕಡಿಮೆ ತೋರಿಸಿದರೆ ನೂರು ಟನ್ನಿಗೆ ಎಷ್ಟು ನಷ್ಟ, ಅಂತ ಮುಂದೆ ಹೋದರೆ ಮಗು ಅದನ್ನು ಮನೆಗೆ ಒಯ್ಯುತ್ತದೆ. ಊಟದ ಹೊತ್ತಿಗೆ ಅಪ್ಪ-ಮಗಳು ಗಣಿತ ಮಾತಾಡುತ್ತಾರೆ.

ಕಡಿಮೆ ಖರ್ಚಿನ ಇನ್ನೊಂದು ಮಾದರಿ ಹೇಳಿ ಮುಗಿಸುತ್ತೇನೆ. 1894ರಲ್ಲಿ ಹಂಗೇರಿಯ ಗ್ಯೋರ್ ಎಂಬ ಊರಿನ ಹೈಸ್ಕೂಲ್ ಮೇಷ್ಟ್ರು ದಾನಿಯೆಲ್ ಅರಾನಿ ಮಕ್ಕಳಿಗಾಗಿ ಗಣಿತದ ಮಾಸಪತ್ರಿಕೆ ಶುರು ಮಾಡಿದರು. ತಿಂಗಳಿಗೆ ಕೆಲವು ಲೆಕ್ಕ. ಮಕ್ಕಳು ಉತ್ತರ ಬರೆದು ಅಂಚೆಯಲ್ಲಿ ಕಳಿಸಬೇಕು. ಬಿಡಿಸಿದವರ ಹೆಸರು ಅಚ್ಚಾಗುತ್ತಿತ್ತು, ಚೆನ್ನಾಗಿ ಬಿಡಿಸಿದವರ ಫೋಟೊ ಕೂಡ. ಪಾಲ್ ಏರ್ಡಿಶ್ ಅಂತ ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರ ಫೋಟೊ ಅವರು ಹುಡುಗನಾಗಿದ್ದಾಗ ಅದರಲ್ಲಿ ಬಂದಿತ್ತು. ಪತ್ರಿಕೆ ಈಗಲೂ ಬರುತ್ತಿದೆ. ಗಮನಿಸಿ, ಅಲ್ಲಿ ಒಂದೂವರೆ ನಿಮಿಷ ಇರಲಿಲ್ಲ, ಒಂದು ತಿಂಗಳು ಇತ್ತು. ನಮ್ಮ ಕ್ಲಸ್ಟರಿನ ಹತ್ತು ಶಾಲೆಯ ನೋಟಿಸ್ ಬೋರ್ಡಿನಲ್ಲಿ ತಿಂಗಳಿಗೆ ಒಂದೇ ಲೆಕ್ಕ ಅಂಟಿಸಿ, ಆ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಾಗ ಉತ್ತರ ಕೂಡಿಸಿಕೊಂಡು ಹೋಗಲಿ, ಬಿಡಿಸಿದವರ ಹೆಸರು ಎಲ್ಲ ಶಾಲೆಯಲ್ಲೂ ಹಾಕಲಿ. ಬಬಲೇಶ್ವರದ ಹುಡುಗನಿಗೆ ತಿಕೋಟಾದಲ್ಲಿ ತನ್ನಂಥವಳು ಇನ್ನೊಬ್ಬಳು ಇದ್ದಾಳೆ ಅಂತ ಗೊತ್ತಾಗಲಿ. ಚುರುಕಾದ ಮಗುವಿಗೆ ಪಾಠಕ್ಕಿಂತ ಜಾಸ್ತಿ ಬೇಕಾದದ್ದು ಜೊತೆ. ಅಕ್ಷರ ಫೌಂಡೇಶನ್ ನಡೆಸುವ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಮಕ್ಕಳ ಮುಖ ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು.

ಇನ್ನು ಪ್ರಶ್ನೆಗಳು.

ಒಬ್ಬ ಶಿಕ್ಷಕರು ಕೇಳಿದರು: ಇದಕ್ಕೆಲ್ಲ ಶಾಲೆ ಬಿಟ್ಟ ಮೇಲೆ ನಾವೇ ಮನೆಯಲ್ಲಿ ಕ್ಲಾಸು ನಡೆಸಿದರೆ? ಬೇಡ. ಆರ್‌ಟಿಇ ಕಾಯ್ದೆಯ 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ದುಡ್ಡು ತಗೊಳ್ಳದೆ ಶಾಲೆಯಲ್ಲೇ ಸಂಜೆ ಕೂರಿಸುವುದು ಬೇರೆ ಮಾತು. ಎಂಟನೇ ಕ್ಲಾಸಿನವರಿಗೆ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಗೆ ಎಷ್ಟೋ ಗುರುಗಳು ಹಾಗೆ ಕೂರಿಸುತ್ತಾರೆ. ಪಾಸಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ, ಮನೆಯ ವರಮಾನ ಮೂರೂವರೆ ಲಕ್ಷದೊಳಗೆ ಇರಬೇಕು. ಬಡವರ ಮನೆಯ ಮಗು ಹೈಸ್ಕೂಲ್ ಬಿಡದಂತೆ ಹಿಡಿದಿಡುವ ದುಡ್ಡು ಅದು, ಅದಕ್ಕೆ ಕೂರಿಸಿ.

ಇನ್ನೊಬ್ಬರು: ಐದರ ಮಗು ಏಳರಲ್ಲಿ ಕೂತರೆ ತಪಾಸಣೆಗೆ ಬಂದವರು ಕೇಳುವುದಿಲ್ಲವೇ? ಕೇಳುತ್ತಾರೆ. ಆ ಮಗು ಬಿಡಿಸಿದ ಏಳನೇ ಕ್ಲಾಸಿನ ಪೇಪರನ್ನು ಕಡತದಲ್ಲಿ ಇಟ್ಟುಕೊಳ್ಳಿ, ಅದನ್ನೇ ತೋರಿಸಿ. ಪಾಲಕರ ಸಹಿಯೂ ಇರಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ನಮಗ ಓದು ಬರಂಗಿಲ್ರಿ ಸರ. ಮಗಳು ಲೆಕ್ಕ ಮಾಡತಾಳ, ಸರಿ ಐತೋ ತಪ್ಪೈತೋ ನಮಗ ತಿಳಿಯಂಗಿಲ್ಲ. ನಾವೇನ್ ಮಾಡಬೇಕ್ರಿ?" ಅವ್ವಾ, ನಿಮಗೆ ತಿಳಿಯುವಂತೆ ಹೇಳು ಅಂತ ಅವಳನ್ನೇ ಕೇಳಿ. ತಿಳಿಯಲಿಲ್ಲ ಅಂದರೆ ಇನ್ನೊಂದು ಸಲ ಹೇಳಿಸಿ. ಹೇಳುವಾಗಲೇ ಅರ್ಧ ತಪ್ಪು ಅವಳಿಗೇ ಸಿಗುತ್ತದೆ. ಎರಡನೆಯದು, ಎಸ್‌ಡಿಎಂಸಿ ಸಭೆಗೆ ಹೋಗಿ. ಕಾನೂನಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಅಲ್ಲಿ ಕಾಂಪೌಂಡ್, ಬಿಸಿಯೂಟ, ಶೌಚಾಲಯದ ಮಾತು ಮುಗಿದ ಮೇಲೆ ಹೆಡ್ ಮಾಸ್ತರರನ್ನು ಕೇಳಿ: ಮೇಲಿನ ಕ್ಲಾಸಿನ ಲೆಕ್ಕದ ಪೇಪರ್ ನಮ್ಮ ಮಕ್ಕಳಿಗೆ ಯಾವಾಗ ಕೊಡುತ್ತೀರಿ?